ಗೇಟಿನ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ

ಪ್ರಶ್ನೆ: ನಾನು ಸೇನೆಯಲ್ಲಿ 24 ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದವನು. ಊರು ಹಾಸನ ಜಿಲ್ಲೆಯಲ್ಲಿ. ಪೆಟ್ರೋಲ್, ಡೀಸೆಲ್ ಸಾಗಿಸುವ ಗುತ್ತಿಗೆದಾರರೊಬ್ಬರ ಟ್ಯಾಂಕರ್ ಯಾರ್ಡಿನಲ್ಲಿ ನಾಲ್ಕು ವರ್ಷದಿಂದ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೇನೆ. ಗಾಡಿ ಬಂದ ಹೊತ್ತು, ಹೋದ ಹೊತ್ತು, ಸೀಲ್ ನಂಬರ್ ಬರೆದು ಸಹಿ ಹಾಕುವುದು ನನ್ನ ಕೆಲಸ. ಕಳೆದ ವರ್ಷದಿಂದ ಕೆಲವು ಗಾಡಿಗಳು ಲೋಡ್ ಆದ ಮೇಲೆ ಹೆದ್ದಾರಿ ಪಕ್ಕದ ಶೆಡ್ಡೊಂದರಲ್ಲಿ ನಿಂತು ಬರುತ್ತಿವೆ. ಸೀಲ್ ನಂಬರ್ ತಾಳೆಯಾಗುವುದಿಲ್ಲ. ಕೇಳಿದರೆ ‘ಚಲನ್‌ನಲ್ಲಿ ಇರುವುದನ್ನೇ ಬರೆಯಿರಿ’ ಅಂದರು. ಬರೆದೆ. ಮಗಳ ಮದುವೆಗೆ ಮಾಲೀಕರು ಎರಡು ಲಕ್ಷ ಕೊಟ್ಟರು. ಸಾಲ ಅಂದುಕೊಂಡಿದ್ದೆ, ವಾಪಸು ಕೊಡಲು ಹೋದರೆ ನಕ್ಕರು. ಈಗ ಕೆಲಸ ಬಿಡುತ್ತೇನೆ ಅಂದರೆ, ‘ರಿಜಿಸ್ಟರಿನಲ್ಲಿ ಇರೋದೆಲ್ಲ ನಿಮ್ಮ ಸಹಿ. ಪಿಂಚಣಿ ಹೋಗುತ್ತೆ, ನೋಡಿಕೊಳ್ಳಿ’ ಅನ್ನುತ್ತಾರೆ. ನನ್ನ ಹೆಂಡತಿಯ ಅಣ್ಣನ ಮಗನೂ ಅಲ್ಲೇ ಕ್ಲೀನರ್, ಸೇರಿಸಿದ್ದು ನಾನೇ. ರಾತ್ರಿ ನಿದ್ದೆಯಿಲ್ಲ. ಮಿಲಿಟರಿ ಕ್ಯಾಂಟೀನಿಂದ ತಂದ ಬಾಟಲಿ ಬೇಗ ಖಾಲಿಯಾಗುತ್ತಿದೆ. ಬಾಯಿಬಿಟ್ಟರೆ ಪೆಟ್ರೋಲ್ ಕಲಬೆರಕೆ ಹಿಡಿಯಲು ಹೋದ ಆ ಮಂಜುನಾಥ್ ಗತಿಯೇ ನನಗೂ ಬರುತ್ತದೆ. ಒಮ್ಮೊಮ್ಮೆ ಬೀರುವಿನಲ್ಲಿರುವ ಬಂದೂಕು ನೆನಪಾಗುತ್ತದೆ.
- ಹೆಸರು ಬೇಡ

ಪ್ರಿಯ ಹವಾಲ್ದಾರರೇ,

ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ನಾಳೆ, ನಾಡಿದ್ದು ಅಂತ ಸಮಯ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ.

ಬಂದೂಕು ನೆನಪಾಗುತ್ತದೆ ಎಂದು ಬರೆದಿದ್ದೀರಿ. ಅದು ನಿಮ್ಮ ರಕ್ಷಣೆಗೋ, ಅವರ ಮೇಲಿನ ಸಿಟ್ಟಿಗೋ, ನಿಮ್ಮನ್ನೇ ನೀವು ಮುಗಿಸಿಕೊಳ್ಳುವುದಕ್ಕೋ ಎಂದು ನೀವು ಬರೆದಿಲ್ಲ. ನಿದ್ದೆಯಿಲ್ಲದ, ಕುಡಿತ ಹೆಚ್ಚಾದ ರಾತ್ರಿಗಳಲ್ಲಿ ಈ ಮೂರರ ನಡುವೆ ಅಂತರ ಬಹಳ ಕಡಿಮೆ. ಬೀರುವಿನ ಬೀಗದ ಕೈಯನ್ನು ಇವತ್ತೇ ನಿಮ್ಮ ಪತ್ನಿಗೆ ಕೊಡಿ. ಚುನಾವಣೆ ಬಂದಾಗ ಊರಿನವರೆಲ್ಲ ಪರವಾನಗಿ ಬಂದೂಕನ್ನು ಠಾಣೆಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳುವುದನ್ನು ನೋಡಿದ್ದೀರಿ. ಚುನಾವಣೆ ಇಲ್ಲದಿದ್ದರೂ ಹಾಗೆ ಇಡಬಹುದು, ಪರವಾನಗಿ ಇರುವ ಬಂದೂಕಿನ ಅಂಗಡಿಯವರೂ ಇಟ್ಟುಕೊಳ್ಳುತ್ತಾರೆ. ಕಾರಣ ಕೇಳಿದರೆ ಮನೆಯಲ್ಲಿ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ ಅಂದರೂ ನಡೆಯುತ್ತದೆ. ‘ನನ್ನ ಜೀವಕ್ಕೆ ಬೆದರಿಕೆ ಇರುವಾಗ ಬಂದೂಕು ಬಿಡುವುದೇ?’ ಎಂದು ನೀವು ಕೇಳಬಹುದು. ಹೌದು, ಬಿಡಬೇಕು. ಈ ತಿಂಗಳುಗಳಲ್ಲಿ ಆ ಬಂದೂಕಿನಿಂದ ಹೆಚ್ಚು ಅಪಾಯ ಇರುವುದು ನಿಮಗೇ.

ಸಾಯುವ ಯೋಚನೆ ಬಂದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಹೆಸರು ಹೇಳಲೇಬೇಕೆಂದಿಲ್ಲ, ಯಾರ್ಡಿನ ವಿಷಯವನ್ನೂ ಎತ್ತಬೇಕಿಲ್ಲ. ‘ನಿದ್ದೆ ಬರುತ್ತಿಲ್ಲ, ಬದುಕು ಬೇಡ ಅನ್ನಿಸುತ್ತಿದೆ’ ಅಂದರೆ ಸಾಕು.

ಈಗ ನಿಮ್ಮ ಮನಸ್ಸಿನ ಮಾತಿಗೆ ಬರೋಣ.

ನಿಮ್ಮ ಪತ್ರದಲ್ಲಿ ಭಯ ಕಾಣುತ್ತದೆ, ಆದರೆ ಭಯಕ್ಕಿಂತ ದೊಡ್ಡದಾಗಿ ನಾಚಿಕೆ ಕಾಣುತ್ತದೆ. 24 ವರ್ಷ ಸಮವಸ್ತ್ರದಲ್ಲಿ ಇದ್ದವರು, ‘ನಾನೂ ಹೀಗಾದೆನಲ್ಲ’ ಎಂದು ಒಳಗೊಳಗೇ ಕುದಿಯುತ್ತಿದ್ದೀರಿ. ಮಾಲೀಕರ ಬೆದರಿಕೆಯನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಆದರೆ ‘ಬರೆದೆ’ ಎಂಬ ಒಂದೇ ಮಾತಿಗೆ ಒಂದು ಇಡೀ ವಾಕ್ಯ ಕೊಟ್ಟಿದ್ದೀರಿ. ಆ ಮಾತು ಎಷ್ಟು ಭಾರವಾಗಿ ಕೂತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಈ ನಾಚಿಕೆ ಬಂದಿರುವುದು ನಿಮ್ಮೊಳಗೆ ಇನ್ನೂ ನೇರವಾಗಿ ನಿಂತಿರುವ ಒಬ್ಬ ಮನುಷ್ಯ ಇರುವುದರಿಂದ. ಅವನನ್ನು ಬೈದು ಮೂಲೆಗೆ ಕೂರಿಸಬೇಡಿ, ಮುಂದೆ ಮಾಡಬೇಕಾದ ಕೆಲಸಕ್ಕೆ ಅವನೇ ಬೇಕು.

ನೀವು ಮಾಡಿದ್ದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ತಾಳೆಯಾಗದ ಸೀಲ್ ನಂಬರನ್ನು ಸರಿಯಿದೆ ಎಂದು ಬರೆದದ್ದು ತಪ್ಪು. ಹಾಗೆಂದು ನೀವೇ ಆ ಕಳ್ಳತನದ ಮೂಲ ಎಂಬಂತೆ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ದೂರ ನಿಂತು ನೋಡಿ. ಸಿಪಾಯಿ, ನಾಯಕ್, ಹವಾಲ್ದಾರ್ ಹುದ್ದೆಯವರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಮಕ್ಕಳ ಓದು, ಮದುವೆ, ಮನೆ ಸಾಲ ಎಲ್ಲ ಆಗ ತಾನೇ ಎದುರು ನಿಂತಿರುತ್ತವೆ. ಪಿಂಚಣಿಯ ಜೊತೆಗೆ ಇನ್ನೊಂದು ಸಂಬಳ ಬೇಕೇ ಬೇಕು. ಗೋದಾಮು, ಡಿಪೋ, ಯಾರ್ಡು ಎಲ್ಲಿ ನೋಡಿದರೂ ಗೇಟಿನಲ್ಲಿ ಮಾಜಿ ಸೈನಿಕರು ಇರುವುದು ಇದಕ್ಕೇ. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ನಂಬಿಕೆಗಾಗಿಯೇ ಇಟ್ಟುಕೊಳ್ಳುತ್ತಾರೆ. ಆದರೆ ಕಳ್ಳ ವ್ಯವಹಾರ ಮಾಡುವವರಿಗೂ ಅದೇ ನಂಬಿಕೆ ಬೇಕು. ಮಿಲಿಟರಿಯವರ ಸಹಿ ಇರುವ ರಿಜಿಸ್ಟರನ್ನು ಯಾರೂ ಎರಡನೇ ಸಲ ತಿರುವಿ ನೋಡುವುದಿಲ್ಲ. ಆ ಎರಡು ಲಕ್ಷಕ್ಕೆ ಅವರು ಕೊಂಡುಕೊಳ್ಳಲು ನೋಡಿದ್ದು ಆ ಸಹಿಯ ಮೇಲಿದ್ದ ಊರಿನ ನಂಬಿಕೆಯನ್ನು. ದುಡ್ಡು ಬಂದ ಹೊತ್ತನ್ನೂ ಗಮನಿಸಿ: ಮಗಳ ಮದುವೆ, ಛತ್ರ, ಅಡುಗೆಯವರು, ಬಂಗಾರ, ಯಾವ ತಂದೆಯ ಕೈಯೂ ಸೋಲುವ ಹೊತ್ತು. ಯೋಚಿಸಿಯೇ ಆ ಹೊತ್ತು ಆರಿಸಿದ್ದಾರೆ.

ಇನ್ನೊಂದು ವಿಷಯ. ಸೇನೆ ನಿಮಗೆ ಕಲಿಸಿದ ಎರಡು ಒಳ್ಳೆಯ ಗುಣಗಳೇ ಇಲ್ಲಿ ನಿಮ್ಮನ್ನು ಕಟ್ಟಿಹಾಕಿವೆ. ಮೇಲಿನವರು ಹೇಳಿದ್ದನ್ನು ಮಾಡುವುದು ಒಂದು, ಕಷ್ಟವನ್ನು ಮನೆಗೆ ಬರೆಯದೆ ತಾನೇ ನುಂಗುವುದು ಇನ್ನೊಂದು. ಗಡಿಯಲ್ಲಿ ಇದ್ದಾಗ ಹೆಂಡತಿಗೆ ‘ಎಲ್ಲ ಆರಾಮ್’ ಅಂತಲೇ ಬರೆದಿರುತ್ತೀರಿ. ಈಗಲೂ ಅದನ್ನೇ ಹೇಳುತ್ತಿದ್ದೀರಿ. ಆದರೆ ಸಂತ್ರಿಗೆ ಕೊಡುವ ಮೊದಲ ಪಾಠ ನೆನಪು ಮಾಡಿಕೊಳ್ಳಿ. ಕತ್ತಲಲ್ಲಿ ಸದ್ದು ಕೇಳಿದರೆ ಅವನು ಒಬ್ಬನೇ ಹೋಗಿ ಹೊಡೆದಾಡುವುದಿಲ್ಲ. ಎಚ್ಚರಿಕೆ ಕೊಡುತ್ತಾನೆ, ಗಾರ್ಡ್ ಕಮಾಂಡರನ್ನು ಕರೆಯುತ್ತಾನೆ, ಮುಂದಿನದು ಎಲ್ಲರ ಕೆಲಸ. ನೀವು ಒಂದು ವರ್ಷದಿಂದ ಯಾರನ್ನೂ ಕರೆಯದೆ ಒಬ್ಬರೇ ನಿಂತಿದ್ದೀರಿ. ನಿಮ್ಮ ನಿದ್ದೆ ಹೋಗಿರುವುದು ಅದಕ್ಕೆ.

ಮಂಜುನಾಥ್ ಅವರ ಹೆಸರು ಎತ್ತಿದ್ದೀರಿ. ಈ ಅಂಕಣ ಓದುವ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಮಂಜುನಾಥ್ ಷಣ್ಮುಗಂ ನಮ್ಮ ಕೋಲಾರದ ಕೆಜಿಎಫ್ ಕಡೆಯ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿ, ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಮೊಹರು ಹಾಕಿಸಿದರು. ಅದು ಮತ್ತೆ ತೆರೆದಾಗ ಅಲ್ಲಿಗೆ ತಪಾಸಣೆಗೆ ಹೋಗಿದ್ದ ಅವರನ್ನು 2005ರ ನವೆಂಬರ್ 19ರ ರಾತ್ರಿ ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನಮಾಡ್ ಬಳಿ ಯಶವಂತ ಸೋನಾವಣೆ ಎಂಬ ಅಪರ ಜಿಲ್ಲಾಧಿಕಾರಿಯನ್ನು ಇಂಧನ ಕಳ್ಳರು ಜೀವಂತ ಸುಟ್ಟರು. ಆದ್ದರಿಂದ ‘ಹೆದರಬೇಡಿ, ಏನೂ ಆಗುವುದಿಲ್ಲ’ ಎಂಬ ಪೊಳ್ಳು ಮಾತನ್ನು ನಿಮಗೆ ಹೇಳಲಾರೆ. ನಿಮ್ಮ ಭಯಕ್ಕೆ ಕಾರಣವಿದೆ.

ಆದರೆ ಆ ಎರಡು ಘಟನೆಗಳನ್ನು ನೀವು ಓದಿಕೊಂಡ ರೀತಿ ಬೇರೆ, ನಾನು ಓದುವ ರೀತಿ ಬೇರೆ. ನೀವು ‘ಬಾಯಿಬಿಟ್ಟರೆ ಸಾವು’ ಎಂದು ಓದಿದ್ದೀರಿ. ನಾನು ಓದುವುದು ಹೀಗೆ: ಅವರಿಬ್ಬರೂ ಅಧಿಕಾರಿಗಳು, ಕಳ್ಳತನ ನಡೆಯುವ ಜಾಗಕ್ಕೇ ಹೋಗುವುದು ಅವರ ಕರ್ತವ್ಯದಲ್ಲಿತ್ತು. ಹಿಂದೆ ಸಾಕಷ್ಟು ಬಲವಿಲ್ಲದೆ ಕಳ್ಳರ ಎದುರಿಗೆ ಬಿದ್ದರು. ನಿಮಗೆ ಆ ಕರ್ತವ್ಯವಿಲ್ಲ. ಆ ಶೆಡ್ಡಿನ ಹತ್ತಿರ ನೀವು ಹೋಗಬೇಕಿಲ್ಲ, ಮೊಬೈಲಿನಲ್ಲಿ ವಿಡಿಯೊ ತೆಗೆಯಬೇಕಿಲ್ಲ, ಮಾಲೀಕರ ಮುಂದೆ ನಿಂತು ‘ಎಲ್ಲ ಬಯಲು ಮಾಡುತ್ತೇನೆ’ ಎಂದು ಗುಡುಗಬೇಕಿಲ್ಲ. ಖಂಡಿತ ಇವು ಯಾವುದನ್ನೂ ಮಾಡಬೇಡಿ. ಮತ್ತೆ, ಮಂಜುನಾಥ್ ಕತೆ ಆ ರಾತ್ರಿಗೆ ಮುಗಿಯಲಿಲ್ಲ. ಅವರ ಸಹಪಾಠಿಗಳೂ ಅವರಂತೆಯೇ ಐಐಎಂಗಳಲ್ಲಿ ಓದಿದ ಅನೇಕರೂ ಸೇರಿ ಟ್ರಸ್ಟ್ ಕಟ್ಟಿ ಮೊಕದ್ದಮೆಯ ಬೆನ್ನು ಬಿಡಲಿಲ್ಲ. ಬಂಕಿನ ಮಾಲೀಕನ ಮಗನಿಗೆ 2007ರಲ್ಲಿ ಮರಣದಂಡನೆಯಾಗಿ, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಹತ್ತು ವರ್ಷ ಜನ ಜೊತೆಗೆ ನಿಂತದ್ದರಿಂದ ಆದದ್ದು ಅದು. ನಿಮ್ಮ ಜೊತೆಗೂ ಜನ ಬೇಕು, ಮೊದಲೇ ಬೇಕು.

ಆ ಜನರಲ್ಲಿ ಮೊದಲನೆಯವರು ನಿಮ್ಮ ಪತ್ನಿ. ಅವರಿಗೆ ಗೊತ್ತಾದರೆ ಕುಸಿದುಹೋಗುತ್ತಾರೆ ಎಂದು ಯೋಚಿಸುತ್ತಿದ್ದೀರೇನೋ. ಸೈನಿಕರ ಹೆಂಡತಿಯರನ್ನು ನಾನು ಈ ಕೆಲಸದಲ್ಲಿ ಸಾಕಷ್ಟು ನೋಡಿದ್ದೇನೆ. ಗಂಡ ಇಲ್ಲದ ಮನೆಯಲ್ಲಿ ಮಕ್ಕಳ ಜ್ವರ, ಅತ್ತೆಯ ಆಸ್ಪತ್ರೆ, ಜಮೀನಿನ ತಕರಾರು ಎಲ್ಲವನ್ನೂ ನಿಭಾಯಿಸಿದವರು ಅವರು. ಅವರನ್ನು ಕಾಡುವುದು ಕೆಟ್ಟ ಸುದ್ದಿಗಿಂತ ಹೆಚ್ಚಾಗಿ ಗಂಡನ ಮೌನ. ಬಾಟಲಿ ಖಾಲಿಯಾಗುವುದು ಅವರಿಗೆ ಕಂಡಿದೆ, ನೀವು ನಡುರಾತ್ರಿ ಎದ್ದು ಜಗಲಿಯಲ್ಲಿ ಕೂರುವುದೂ ಕಂಡಿರುತ್ತದೆ. ಹಗಲು ಹೊತ್ತಿನಲ್ಲಿ, ಕುಡಿಯದೆ ಇರುವಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಕೂತು ಹೇಳಿ. ದುಡ್ಡಿನ ವಿಷಯವನ್ನೂ ಮುಚ್ಚಿಡಬೇಡಿ. ಅವರು ಅಳಬಹುದು, ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಆದರೂ ಆ ರಾತ್ರಿ ನಿಮಗೆ ಇಷ್ಟು ದಿನಕ್ಕಿಂತ ಸ್ವಲ್ಪ ಹೆಚ್ಚು ನಿದ್ದೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮಗಳಿಗೆ ಸದ್ಯಕ್ಕೆ ಹೇಳುವುದು ಬೇಡ. ‘ನನ್ನ ಮದುವೆಯಿಂದ ಅಪ್ಪನಿಗೆ ಹೀಗಾಯಿತು’ ಎಂಬ ಹೊರೆ ಆ ಹೆಣ್ಣುಮಗುವಿಗೆ ಯಾಕೆ?

ಇನ್ನು ಪಿಂಚಣಿ. ನಿಮ್ಮನ್ನು ಹಿಡಿದಿಟ್ಟಿರುವ ದೊಡ್ಡ ಬೆದರಿಕೆ ಇದೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ನಿಮ್ಮ ಪಿಂಚಣಿ ಬರುವುದು ರಕ್ಷಣಾ ಇಲಾಖೆಯಿಂದ, ಸ್ಪರ್ಶ್ ಎಂಬ ಅದರದೇ ಪಿಂಚಣಿ ವ್ಯವಸ್ಥೆಯ ಮೂಲಕ. ಯಾವ ಯಾರ್ಡಿನ ಮಾಲೀಕನಿಗೂ ಅದನ್ನು ಮುಟ್ಟುವ ಅಧಿಕಾರವಿಲ್ಲ. ಯಾರೋ ದೂರು ಕೊಟ್ಟ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ಗಂಭೀರ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿ ಶಿಕ್ಷೆಯಾದರೆ, ಪಿಂಚಣಿಯನ್ನು ತಡೆಹಿಡಿಯುವ ಅಥವಾ ಕಡಿಮೆ ಮಾಡುವ ಅಧಿಕಾರ ನಿಯಮದ ಪ್ರಕಾರ ಸರ್ಕಾರಕ್ಕೆ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಹಾಗಾಗಿ ಪಿಂಚಣಿ ಉಳಿಸಿಕೊಳ್ಳುವ ದಾರಿ ಸುಮ್ಮನಿರುವುದಲ್ಲ. ನೀವು ಸುಮ್ಮನಿದ್ದಷ್ಟು ದಿನ ರಿಜಿಸ್ಟರಿನಲ್ಲಿ ಸಹಿಗಳು ಹೆಚ್ಚುತ್ತವೆ. ಯಾರೋ ಬಂಕಿನವರು ಡೆನ್ಸಿಟಿ ವ್ಯತ್ಯಾಸ ಹಿಡಿದರೆ, ಕಂಪನಿಯ ಕಡೆಯಿಂದ ತಪಾಸಣೆ ಬಂದರೆ, ದುರ್ಬಲವಾದ ಕೊಂಡಿ ಯಾವುದೋ ಅದನ್ನೇ ಮೊದಲು ಕಳಚಿ ಹಾಕುತ್ತಾರೆ. ನೀವಾಗಿಯೇ ಮುಂದೆ ಬಂದರೆ ನ್ಯಾಯಾಲಯ ನಿಮ್ಮನ್ನು ನೋಡುವ ಕಣ್ಣು ಬೇರೆ, ಸಿಕ್ಕಿಬಿದ್ದ ಮೇಲೆ ನೋಡುವ ಕಣ್ಣು ಬೇರೆ.

ಮುಂದೆ ಬರುವುದು ಎಂದರೆ ನಾಳೆಯೇ ಠಾಣೆಗೆ ಹೋಗಿ ನಿಲ್ಲುವುದು ಎಂದಲ್ಲ. ಮೊದಲು ವಕೀಲರು, ಆಮೇಲೆ ಬೇರೆಲ್ಲ. ನಿಮ್ಮ ಸಹಿಯೂ ಇದೆ, ದುಡ್ಡೂ ಬಂದಿದೆ, ಆದ್ದರಿಂದ ನೀವು ಸಾಕ್ಷಿಯಾಗುತ್ತೀರೋ ಆರೋಪಿಯಾಗುತ್ತೀರೋ ಎಂಬುದು ನೀವು ಹೇಗೆ, ಯಾರ ಮುಂದೆ, ಯಾವ ಕ್ರಮದಲ್ಲಿ ಹೇಳುತ್ತೀರಿ ಎಂಬುದರ ಮೇಲೂ ನಿಂತಿದೆ. ನಿರೀಕ್ಷಣಾ ಜಾಮೀನು ಬೇಕಾಗಬಹುದೇ, ಆ ಎರಡು ಲಕ್ಷವನ್ನು ಹೇಗೆ ಹಿಂದಿರುಗಿಸಬೇಕು, ಇವೆಲ್ಲ ವಕೀಲರ ಮುಂದೆ ಇಡಬೇಕಾದ ಪ್ರಶ್ನೆಗಳು. ಅಲ್ಲಿಯವರೆಗೆ ದುಡ್ಡನ್ನು ಯಾರ ಕೈಗೂ ನಗದಾಗಿ ಕೊಡಬೇಡಿ. ವಕೀಲರ ಶುಲ್ಕದ ಚಿಂತೆ ಇದ್ದರೆ ಹಾಸನದ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅವರ ಸಹಾಯವಾಣಿ 15100. 2025ರಿಂದ ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ ಸೈನಿಕ ಕಲ್ಯಾಣ ಕಚೇರಿಗಳ ಮೂಲಕ ಕಾನೂನು ನೆರವು ಕೊಡುವ ಯೋಜನೆಯೂ ಶುರುವಾಗಿದೆ. ಸೈನಿಕ ಕಲ್ಯಾಣ ಕಚೇರಿಗೆ ನೀವು ಹೋಗುವುದನ್ನು ಯಾರು ನೋಡಿದರೂ ಅನುಮಾನ ಬರುವುದಿಲ್ಲ, ಮಾಜಿ ಸೈನಿಕರು ಅಲ್ಲಿಗೆ ನೂರು ಕೆಲಸಕ್ಕೆ ಹೋಗುತ್ತಾರೆ.

ವಕೀಲರನ್ನು ಕಾಣುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಿಮಗೆ ನೆನಪಿರುವುದನ್ನೆಲ್ಲ ಬರೆದಿಡಿ: ಯಾವ ದಿನ, ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾರು ಏನು ಹೇಳಿದರು. ಗಾರ್ಡ್ ರೂಮಿನಲ್ಲಿ ವರದಿ ಬರೆದ ಹಾಗೆ ಕಂಡದ್ದನ್ನು ಮಾತ್ರ ಬರೆಯಿರಿ, ಊಹೆ ಬೇಡ. ಅದನ್ನು ಯಾರ್ಡಿಗೆ ಒಯ್ಯಬೇಡಿ. ರಿಜಿಸ್ಟರನ್ನು ತಿದ್ದುವುದು, ಹಾಳೆ ಹರಿಯುವುದು, ಮನೆಗೆ ತರುವುದು ಯಾವುದೂ ಬೇಡ, ಅವು ಹೊಸ ತಪ್ಪುಗಳಾಗುತ್ತವೆ. ಫೋನಿನಲ್ಲಿರುವ ವಾಟ್ಸ್ಆ್ಯಪ್ ಸಂದೇಶ, ಧ್ವನಿ ಸಂದೇಶಗಳನ್ನು ಅಳಿಸಬೇಡಿ. ಮತ್ತೆ ಇವತ್ತಿನಿಂದ ತಾಳೆಯಾಗದ ಯಾವ ನಮೂದಿಗೂ ಸಹಿ ಬೇಡ. ಅದಕ್ಕೆ ಜಗಳ ಆಡಬೇಕಿಲ್ಲ. ನಿದ್ದೆ ಇಲ್ಲ, ರಕ್ತದೊತ್ತಡ ನೋಡಿಸಬೇಕು ಎಂದು ರಜೆ ಹಾಕಿ, ಅದು ಸುಳ್ಳೂ ಅಲ್ಲ. ಮಾಜಿ ಸೈನಿಕರ ಇಸಿಎಚ್ಎಸ್ ಪಾಲಿಕ್ಲಿನಿಕ್ಕಿಗೆ ಹೋಗಿ ಕುಡಿತದ ವಿಷಯವನ್ನೂ ಸೇರಿಸಿ ವೈದ್ಯರಿಗೆ ಹೇಳಿ. ಮನೋವೈದ್ಯರ ಚಿಕಿತ್ಸೆಗೂ ಅಲ್ಲಿಂದಲೇ ಕಳಿಸಿಕೊಡುತ್ತಾರೆ. ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಮೈ ನಡುಕ, ಫಿಟ್ಸ್ ಬರುವುದುಂಟು. ಆದ್ದರಿಂದ ವೈದ್ಯರ ಮಾತಿನಂತೆಯೇ ಬಿಡಿ.

ದೂರು ಎಲ್ಲಿಗೆ ಎಂಬುದನ್ನು ವಕೀಲರ ಜೊತೆ ನಿರ್ಧರಿಸಿ. ನೀವು ತಿಳಿದಿರಬೇಕಾದ ಎರಡು ದಾರಿಗಳನ್ನು ಮಾತ್ರ ಹೇಳುತ್ತೇನೆ. ಸರ್ಕಾರಿ ತೈಲ ಕಂಪನಿಯ ಒಳಗಿನವರೂ ಇದರಲ್ಲಿ ಸೇರಿದ್ದಾರೆ ಎಂಬ ಮಾಹಿತಿ ನಿಮಗಿದ್ದರೆ ದೆಹಲಿಯ ಕೇಂದ್ರ ಜಾಗೃತ ಆಯೋಗಕ್ಕೆ ಪಿಐಡಿಪಿಐ ಎಂಬ ವ್ಯವಸ್ಥೆಯಲ್ಲಿ ಬರೆಯಬಹುದು. ಹೆದ್ದಾರಿ ಕಾಮಗಾರಿಯ ಅಕ್ರಮ ಬಯಲು ಮಾಡಿದ ಇಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದ ಮೇಲೆ, 2004ರಲ್ಲಿ ಬಂದ ವ್ಯವಸ್ಥೆ ಇದು. ಮುಚ್ಚಿದ ಲಕೋಟೆಯ ಮೇಲೆ ಪಿಐಡಿಪಿಐ ಎಂದು ಬರೆಯಬೇಕು, ನಿಮ್ಮ ಹೆಸರು, ವಿಳಾಸ ಲಕೋಟೆಯ ಮೇಲೆ ಇರಬಾರದು, ಒಳಗಿನ ಪತ್ರದಲ್ಲಿ ಇರಬೇಕು. ಹೆಸರಿಲ್ಲದ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ, ಹೆಸರಿದ್ದರೆ ಗುಟ್ಟಾಗಿ ಇಡುತ್ತಾರೆ. ಬರೀ ಖಾಸಗಿ ಗುತ್ತಿಗೆದಾರರ ಕೃತ್ಯವಾಗಿದ್ದರೆ ಅದು ಪೊಲೀಸರ ಕೆಲಸ. ಸ್ಥಳೀಯ ಠಾಣೆಯ ಮೇಲೆ ನಂಬಿಕೆ ಇಲ್ಲದಿದ್ದರೆ ವಕೀಲರ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೇರವಾಗಿ ಕೊಡಬಹುದು.

ಸಾಕ್ಷಿ ಹೇಳುವವರಿಗೆ ರಕ್ಷಣೆ ಕೊಡುವ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ ಇಡೀ ದೇಶಕ್ಕೆ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಹಾಕಬೇಕು. ಪೊಲೀಸರು ಬೆದರಿಕೆ ಎಷ್ಟು ಗಂಭೀರ ಎಂದು ವರದಿ ಕೊಡುತ್ತಾರೆ. ಮನೆಯ ಹತ್ತಿರ ಗಸ್ತು ಹಾಕಿಸುವುದರಿಂದ ಹಿಡಿದು ಬೇರೆ ಕಡೆ ಇರಿಸುವವರೆಗೆ ಬೇರೆ ಬೇರೆ ಮಟ್ಟದ ರಕ್ಷಣೆ ಅದರಲ್ಲಿದೆ. ಕಾಗದದಲ್ಲಿ ಇರುವಷ್ಟು ಚುರುಕಾಗಿ ಎಲ್ಲ ಕಡೆಯೂ ಅದು ನಡೆಯದು. ಅದಕ್ಕೇ ದೂರಿನ ಜೊತೆಯಲ್ಲೇ ಅರ್ಜಿ ಹಾಕಿಸಿ, ಆಮೇಲೆ ನೋಡೋಣ ಎಂದು ಬಿಡಬೇಡಿ. ಯಾರಾದರೂ ಮನೆಯ ಮುಂದೆ ಬಂದು ಬೆದರಿಸಿದರೆ ಆ ಕ್ಷಣಕ್ಕೆ 112.

ಆ ಹುಡುಗ, ನಿಮ್ಮ ಪತ್ನಿಯ ಅಣ್ಣನ ಮಗ. ನಿಮ್ಮ ಸಂಕಟದಲ್ಲಿ ಅರ್ಧ ಅವನದೇ ಇರಬೇಕು. ದೂರು ಕೊಟ್ಟರೆ ಅವನೂ ಸಿಕ್ಕಿಕೊಳ್ಳುತ್ತಾನೆ, ಭಾವಮೈದ ಎದುರು ಸಿಕ್ಕಾಗ ಮುಖ ಎತ್ತಿ ಹೇಗೆ ಮಾತಾಡಲಿ ಎಂಬುದು. ಆದರೆ ಆ ಶೆಡ್ಡಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಯೋಚಿಸಿ. ತುಂಬಿದ ಟ್ಯಾಂಕರನ್ನು ನಿಲ್ಲಿಸಿ, ಯಾವ ಸುರಕ್ಷೆಯೂ ಇಲ್ಲದೆ ಕ್ಯಾನು, ಪೈಪು ಹಿಡಿದು ಪೆಟ್ರೋಲ್ ಇಳಿಸುವ ಜಾಗ ಅದು. ಒಂದು ಕಿಡಿ ಸಾಕು. ಟ್ಯಾಂಕರಿನ ಮೇಲೆ ಹತ್ತಿ ಮುಚ್ಚಳ ತೆಗೆಯುವವನು ಮಾಲೀಕನಲ್ಲ, ಕ್ಲೀನರ್ ಹುಡುಗ. ನೀವು ಸುಮ್ಮನಿರುವುದರಿಂದ ಅವನು ಸುರಕ್ಷಿತವಾಗಿಲ್ಲ. ಈಗಲೇ ಅವನಿಗೆ ಎಲ್ಲ ಹೇಳಲು ಹೋಗಬೇಡಿ, ಚಿಕ್ಕ ವಯಸ್ಸು, ಗೆಳೆಯರ ಹತ್ತಿರ ಬಾಯಿ ಜಾರಬಹುದು. ವಕೀಲರನ್ನು ಕಾಣುವಾಗ ಅವನ ವಿಷಯವನ್ನೂ ಹೇಳಿ, ಅವನಿಗೆ ಬೇರೆ ವಕೀಲರು ಬೇಕೇ ಎಂದು ಕೇಳಿ. ಅಷ್ಟರಲ್ಲಿ ಊರಿನಲ್ಲಿ ಕಾಫಿ ಕೊಯ್ಲೋ ಮನೆ ಕೆಲಸವೋ ಇದ್ದರೆ ಅದರ ನೆಪದಲ್ಲಿ ಅವನನ್ನು ಗಾಡಿಯಿಂದ ಇಳಿಸುವುದನ್ನು ನಿಮ್ಮ ಪತ್ನಿ ಅಣ್ಣನ ಹತ್ತಿರ ಮಾತಾಡಿ ಮಾಡಬಲ್ಲರು.

ಈ ಪತ್ರ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಸೇನೆಯಿಂದ ಬಂದು ಗೇಟಿನ ಕೆಲಸಕ್ಕೆ ಹೋಗುತ್ತಿರುವ ಅಣ್ಣನೋ ಮಾವನೋ ಇದ್ದು, ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದ್ದರೆ, ಕೆಲಸದ ವಿಷಯ ಬಂದಾಗ ಎದ್ದು ಹೋಗುತ್ತಿದ್ದರೆ, ‘ಯಾಕೆ ಹೀಗಿದ್ದೀರಿ’ ಎಂದು ಜಬರಿಸಬೇಡಿ. ಜೊತೆಯಲ್ಲಿ ಒಂದು ಲೋಟ ಕಾಫಿ ಹಿಡಿದು ಕೂತುಕೊಳ್ಳಿ. ಹೇಳಲು ಅವರಿಗೆ ಸಮಯ ಬೇಕು.

ಹವಾಲ್ದಾರರೇ, ವಕೀಲರ ಮೊದಲ ಭೇಟಿಗೆ ಪತ್ನಿಯನ್ನು ಕರೆದುಕೊಂಡೇ ಹೋಗಿ. ಅವರಿಗೆ ಬರಲಾಗದಿದ್ದರೆ ನಿಮ್ಮ ಪಲ್ಟನ್ನಿನ ಒಬ್ಬ ಹಳೆಯ ಗೆಳೆಯ, ನೀವು ಕಣ್ಣು ಮುಚ್ಚಿ ನಂಬುವವರು, ಜೊತೆಗಿರಲಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ (ಪಿಪಿಒ) ಪ್ರತಿ, ಯಾರ್ಡಿನ ನೇಮಕದ ಪತ್ರ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ಆ ನೋಟ್‌ಬುಕ್ಕು, ಇಷ್ಟು ಒಯ್ಯಿರಿ. ವಕೀಲರಿಗೆ ಏನನ್ನೂ ಅರ್ಧ ಹೇಳಬೇಡಿ, ನಿಮ್ಮ ವಿರುದ್ಧ ಹೋಗುವುದನ್ನೇ ಮೊದಲು ಹೇಳಿ. ಹೋಗುವ ದಿನ ಸೋಮವಾರ ಇರಲಿ, ಭಾನುವಾರ ರಾತ್ರಿ ಒಬ್ಬರೇ ಕೂರಬೇಡಿ.